ದಿಗ್ವ್ರತವೂ ಭೂತಾನ ಪ್ರವಾಸವೂ

ಶ್ರಾವಕರ ಹನ್ನೆರಡು ವ್ರತಗಳಲ್ಲಿ ಈಚಿನ ದಿನಗಳಲ್ಲಿ ಅತಿ ಹೆಚ್ಚು ಮರವೆಗೆ ಸಂದಿರುವುದು ದಿಗ್ವ್ರತ. ರಾತ್ರಿಭೋಜನ ತ್ಯಾಗದ ವಿಷಯದಲ್ಲಿ ಮನೆಗಳಲ್ಲಿ ಚರ್ಚೆಯಾದರೂ ನಡೆಯುತ್ತದೆ. ಕಂದಮೂಲಗಳ ವಿಷಯದಲ್ಲಿ ಮದುವೆಯ ಅಡುಗೆಯವರಿಗೆ ಮುಂಚಿತವಾಗಿಯೇ ಎಚ್ಚರಿಕೆ ಕೊಡುವವರಿದ್ದಾರೆ. ಪರಿಗ್ರಹ ಪರಿಮಾಣದ ಮಾತು ದಶಲಕ್ಷಣ ಪರ್ವದ ಪ್ರವಚನಗಳಲ್ಲಿ ವರ್ಷಕ್ಕೊಮ್ಮೆಯಾದರೂ ಕಿವಿಗೆ ಬೀಳುತ್ತದೆ. ಆದರೆ ಈ ದಿಕ್ಕಿನಲ್ಲಿ ಇಲ್ಲಿಂದಾಚೆಗೆ ಹೋಗುವುದಿಲ್ಲವೆಂದು ಗುರುಗಳ ಸನ್ನಿಧಿಯಲ್ಲಿ ಎಲ್ಲೆ ಕಟ್ಟಿಕೊಂಡವರನ್ನು ಹುಡುಕಿದರೆ ಹಿರಿಯ ತಲೆಮಾರಿನ ಕೆಲವರು ಮಾತ್ರ ಸಿಕ್ಕಾರು.

ಈ ವ್ರತದ ಸ್ವರೂಪವನ್ನು ಒಮ್ಮೆ ನೆನೆಯುವುದು ಒಳಿತು. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಮೂರು ಗುಣವ್ರತಗಳ ಪೈಕಿ ದಿಗ್ವ್ರತವನ್ನು ಮೊದಲಿಗೆ ಹೇಳಿದ್ದಾರೆ. ಸಮುದ್ರ, ನದಿ, ಅಡವಿ, ಬೆಟ್ಟ, ನಾಡು, ಯೋಜನದ ಅಳತೆ ಮುಂತಾಗಿ ಎಲ್ಲರಿಗೂ ತಿಳಿದ ಗುರುತುಗಳನ್ನು ಎಲ್ಲೆಯಾಗಿಟ್ಟುಕೊಂಡು, ಹತ್ತು ದಿಕ್ಕುಗಳಲ್ಲಿಯೂ ಅದರಾಚೆಗೆ ಜೀವವಿರುವತನಕ ಹೋಗುವುದಿಲ್ಲವೆಂದು ಸಂಕಲ್ಪಿಸುವುದೇ ಈ ವ್ರತ. ಎಲ್ಲೆಯ ಹೊರಗೆ ಶ್ರಾವಕನು ಸೂಕ್ಷ್ಮ ಪಾಪಗಳಿಂದಲೂ ದೂರ ಉಳಿಯುವುದರಿಂದ ಅಲ್ಲಿ ಅವನ ಅಣುವ್ರತಗಳು ಮಹಾವ್ರತಗಳ ಮಟ್ಟಕ್ಕೆ ಏರುತ್ತವೆ ಎಂಬುದು ಆಚಾರ್ಯರ ಅಭಿಪ್ರಾಯ. ಇದು ಬಹಳ ಸೊಗಸಾದ ವಿಚಾರ. ತನ್ನ ಊರಿನಲ್ಲಿ ಗೃಹಸ್ಥನು ಒಲೆ ಹಚ್ಚುತ್ತಾನೆ, ಅಂಗಡಿ ನಡೆಸುತ್ತಾನೆ, ನಡೆದಾಡುತ್ತಾನೆ. ಇವುಗಳಲ್ಲಿ ಹಿಂಸೆ ತಪ್ಪಿದ್ದಲ್ಲ. ಆದರೆ ಗಂಗಾನದಿಯನ್ನು ಎಲ್ಲೆಯಾಗಿಟ್ಟುಕೊಂಡವನ ಕಾಲಿನಡಿ ಗಂಗೆಯಾಚೆಯ ಒಂದು ಇರುವೆಯೂ ಸಾಯಲಾರದು. ಅವನ ಸ್ನಾನಕ್ಕಾಗಿ ಅಲ್ಲಿನ ಒಂದು ಕೊಂಬೆಯೂ ಒಲೆ ಸೇರಲಾರದು. ತಾನು ಕಣ್ಣಿನಿಂದಲೂ ಕಾಣದ ನಾಡಿಗೆ ಆತ ಅಭಯದಾನ ಮಾಡಿದ್ದಾನೆ.

ಇದನ್ನು ಬಡತನದ ವ್ರತವೆಂದಾಗಲಿ, ಹೊರನಾಡಿನ ಭಯದಿಂದ ಹುಟ್ಟಿದ್ದೆಂದಾಗಲಿ ತಿಳಿಯುವುದು ತಪ್ಪು. ಕನ್ನಡ ನಾಡಿನ ಗಂಗ ಅರಸರ ಕಾಲದೊಂದಿಗೆ ಹೆಸರು ಕೂಡಿಕೊಂಡಿರುವ ಪೂಜ್ಯಪಾದ ಆಚಾರ್ಯರು ತತ್ತ್ವಾರ್ಥಸೂತ್ರಕ್ಕೆ ಬರೆದ ಸರ್ವಾರ್ಥಸಿದ್ಧಿಯಲ್ಲಿ ಇದರ ಗುರಿಯನ್ನು ಸ್ಪಷ್ಟಪಡಿಸಿದ್ದಾರೆ. ಎಲ್ಲೆಯಾಚೆ ಲಾಭ ಕಾದಿದ್ದರೂ ಮನಸ್ಸು ಅತ್ತ ಹೊರಳದಿರುವುದರಿಂದ ಲೋಭದ ನಿವಾರಣೆಯಾಗುತ್ತದೆ ಎಂಬುದು ಅವರ ವಿವರಣೆಯ ತಾತ್ಪರ್ಯ. ಹಡಗಿನಲ್ಲಿಯೂ ಎತ್ತಿನ ಗಾಡಿಗಳ ಸಾಲಿನಲ್ಲಿಯೂ ದೂರ ದೇಶಗಳ ವ್ಯಾಪಾರ ನಡೆಸಿ ಧನ ಗಳಿಸುತ್ತಿದ್ದ ವರ್ತಕರಿಗೆ ಹೇಳಿದ ಮಾತಿದು. ಇಂದು ವರ್ತಕನು ಲಾಭಕ್ಕಾಗಿ ದೂರ ಹೋಗಬೇಕಾಗಿಲ್ಲ, ದೂರವಾಣಿಯಲ್ಲಿಯೇ ದರ ಕುದುರುತ್ತದೆ. ಆತ ದೂರ ಹೋಗುವುದು ಗಳಿಸಿದ್ದನ್ನು ವ್ಯಯಿಸುವುದಕ್ಕೆ. ಹಾಗಾದರೆ ಅಲ್ಲಿ ಲೋಭವಿಲ್ಲವೆ?

ಬೆಂಗಳೂರಿನ ಉತ್ತರ ಭಾಗದಲ್ಲಿ ನೆಲೆಸಿರುವ ಜೈನ ಮನೆತನಗಳಿಗೆ ಈ ಪ್ರಶ್ನೆ ಈಗ ಬಾಗಿಲಿಗೇ ಬಂದಿದೆ. 2008ರ ಮೇ ತಿಂಗಳಲ್ಲಿ ಯಲಹಂಕದಾಚೆ ದೇವನಹಳ್ಳಿಯ ಬಳಿ ಹೊಸ ವಿಮಾನ ನಿಲ್ದಾಣ ಆರಂಭವಾದ ಮೇಲೆ ದೂರ ಎಂಬ ಮಾತಿನ ಅರ್ಥವೇ ಬದಲಾಯಿತು. ಯಶವಂತಪುರದ ರೈಲು ನಿಲ್ದಾಣದಲ್ಲಿ ನಾಲ್ಕು ದಿನದ ಬುತ್ತಿಯೊಂದಿಗೆ ಯಾತ್ರೆಗೆ ಹೊರಡುತ್ತಿದ್ದವರ ಮಕ್ಕಳು ಹೆಬ್ಬಾಳದ ಮೇಲ್ಸೇತುವೆ ದಾಟಿದರೆ ಸಂಜೆಯ ಹೊತ್ತಿಗೆ ಕೋಲ್ಕತ್ತದಲ್ಲಿರುತ್ತಾರೆ. ಮರುದಿನ ಬೆಳಿಗ್ಗೆ ಹಿಮಾಲಯದ ಮಡಿಲಿನ ಭೂತಾನ ರಾಜ್ಯದ ಪಾರೊ ಕಣಿವೆಯಲ್ಲಿ ಇಳಿಯುತ್ತಾರೆ. ಸುಮಾರು 2,235 ಮೀಟರ್ ಎತ್ತರದಲ್ಲಿರುವ ಆ ನಿಲ್ದಾಣಕ್ಕೆ ಹೋಗಿಬರುವುದು ಅನುಕೂಲಸ್ಥ ಮನೆಗಳಲ್ಲಿ ಈಗ ವಿಶೇಷ ಸುದ್ದಿಯಲ್ಲ.

ಇಂತಹ ಒಂದು ಮನೆಯನ್ನು ಭಾವಿಸಿಕೊಂಡು ವಿಚಾರ ಮಾಡಬಹುದು. ಯಜಮಾನರಿಗೆ ಯಶವಂತಪುರದ ಮಾರುಕಟ್ಟೆ ಪ್ರಾಂಗಣದಲ್ಲಿ ಬೇಳೆಕಾಳಿನ ಮಂಡಿ, ಆರ್.ಟಿ. ನಗರದಲ್ಲಿ ಸ್ವಂತ ಮನೆ, ಹೆಬ್ಬಾಳದ ಬಳಿಯ ಕಂಪನಿಯೊಂದರಲ್ಲಿ ಒಳ್ಳೆಯ ಸಂಬಳದ ಮಗ. ತಂದೆತಾಯಿಗಳ ವಿವಾಹಕ್ಕೆ ನಲವತ್ತು ವರ್ಷ ತುಂಬುವ ಸಂದರ್ಭಕ್ಕೆ ಮಗ-ಸೊಸೆ ಗುಟ್ಟಾಗಿ ಏರ್ಪಾಡು ಮಾಡಿ, ನಾಲ್ವರಿಗೂ ಐದು ರಾತ್ರಿ ಆರು ಹಗಲಿನ ಭೂತಾನ ಪ್ರವಾಸದ ಕಾಗದಗಳನ್ನು ಊಟದ ಮೇಜಿನ ಮೇಲಿಟ್ಟರು. ಟಿಕೆಟ್ಟಿನ ಹಣ ಮಾತ್ರ ಮಂಡಿಯ ಲೆಕ್ಕದಿಂದ ಹೋಗಿತ್ತು. ಯಜಮಾನರಿಗೆ ಸಂತೋಷವೇ ಆಯಿತು. ಆಗ ಮನೆಯಾಕೆ ಮೆಲ್ಲನೆ ಕೇಳಿದರು: "ರೀ, ಶಿಖರ್ಜಿಯಿಂದ ಬಂದ ವರ್ಷ ಗಂಗೆ ದಾಟುವುದಿಲ್ಲ ಅಂತ ಮಹಾರಾಜರ ಹತ್ತಿರ ನೀವು ನಿಯಮ ತಗೊಂಡಿರಲಿಲ್ಲವೆ?"

ಯಜಮಾನರು ಅದನ್ನು ಮರೆತೇಬಿಟ್ಟಿದ್ದರು.

ತತ್ತ್ವಾರ್ಥಸೂತ್ರದಲ್ಲಿ ದಿಗ್ವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಮೇಲಕ್ಕೆ, ಕೆಳಕ್ಕೆ, ಅಡ್ಡಕ್ಕೆ ಎಲ್ಲೆ ಮೀರುವುದು ಮೂರು, ಕ್ಷೇತ್ರವೃದ್ಧಿ ನಾಲ್ಕನೆಯದು, ಇಟ್ಟುಕೊಂಡ ಎಲ್ಲೆಯನ್ನೇ ಮರೆಯುವ ಸ್ಮೃತ್ಯಂತರಾಧಾನ ಐದನೆಯದು. ಮರೆವು ಸಹ ದೋಷವೆಂದು ಎಣಿಸಿರುವುದು ಕಠಿಣವೆಂದು ತೋರಬಹುದು. ಆದರೆ ಸಾಲ ಕೊಟ್ಟದ್ದನ್ನು ಮೂವತ್ತು ವರ್ಷವಾದರೂ ಮರೆಯದ ವರ್ತಕನು ತಾನು ಕೊಟ್ಟ ಮಾತನ್ನು ಮರೆಯುವುದು ಏಕೆ ಎಂದು ಕೇಳಿಕೊಂಡರೆ ಆಚಾರ್ಯರ ಎಣಿಕೆ ಸರಿಯೆನಿಸುತ್ತದೆ. ಮರೆವಿನಲ್ಲಿಯೂ ಒಂದು ಆಯ್ಕೆಯಿದೆ. ಇನ್ನು ಮೊದಲ ಮೂರಕ್ಕೆ ಪೂಜ್ಯಪಾದರು ಕೊಡುವ ಉದಾಹರಣೆಗಳು ಕುತೂಹಲಕರವಾಗಿವೆ: ಪರ್ವತ ಹತ್ತುವುದು ಮೇಲಣ ಅತಿಕ್ರಮ, ಬಾವಿಗಿಳಿಯುವುದು ಕೆಳಗಣದು, ಗುಹೆ ಬಿಲಗಳನ್ನು ಹೊಗುವುದು ಅಡ್ಡದ್ದು. ಭೂತಾನಕ್ಕೆ ಹೋದವರು ತಪ್ಪದೆ ಹತ್ತುವ ತಕ್ತ್‌ಸಾಂಗ್ ವಿಹಾರ ಪಾರೊ ಕಣಿವೆಯಿಂದ ಸುಮಾರು 900 ಮೀಟರ್ ಮೇಲೆ, ಕಡಿದಾದ ಬಂಡೆಯ ಮುಖದಲ್ಲಿದೆ. ಪದ್ಮಸಂಭವ ಗುರುಗಳು ಎಂಟನೆಯ ಶತಮಾನದಲ್ಲಿ ಧ್ಯಾನ ಮಾಡಿದರೆನ್ನುವ ಗುಹೆಯ ಸುತ್ತ 1692ರಲ್ಲಿ ಅದನ್ನು ಕಟ್ಟಿದರು. ಎಲ್ಲೆ ಕಟ್ಟಿಕೊಂಡ ಶ್ರಾವಕನಿಗೆ ಅಲ್ಲಿ ಪರ್ವತವೂ ಒಂದೇ ಕಡೆ, ಗುಹೆಯೂ ಒಂದೇ ಕಡೆ. ಬೆಟ್ಟ ಹತ್ತುವುದೇ ಪಾಪವೆಂದು ಇದರ ಅರ್ಥವಲ್ಲ. ಹಾಗಿದ್ದರೆ ಇಂದ್ರಗಿರಿಯನ್ನು ಹತ್ತುವವರಾರು? ತಾನೇ ಇಟ್ಟ ಎಲ್ಲೆಯಾಚೆಗಿನ ಬೆಟ್ಟ ಎಂಬುದೇ ಇಲ್ಲಿನ ವಿಷಯ.

ಮಗ ಬುದ್ಧಿವಂತ. ಮೊದಲಿಗೆ ಆತ ಗಂಗೆ ಯಾವುದೆಂಬ ತಕರಾರು ತೆಗೆದ. ಹೂಗ್ಲಿಯೂ ಗಂಗೆಯ ಕವಲೇ ತಾನೆ, ಕೋಲ್ಕತ್ತದ ವಿಮಾನ ನಿಲ್ದಾಣ ಹೂಗ್ಲಿಯ ಪೂರ್ವಕ್ಕಿದೆ, ವ್ಯಾಪಾರದ ಮೇಲೆ ಅಪ್ಪಾಜಿ ಅಲ್ಲಿಗೆ ಎಷ್ಟು ಸಲ ಹೋಗಿಬಂದಿಲ್ಲ? ಆ ಮಾತಿಗೆ ಯಜಮಾನರ ಬಳಿ ಉತ್ತರವಿರಲಿಲ್ಲ. ಅನಂತರ ಆತ ಲೆಕ್ಕದ ಮಾತನ್ನೇ ಆಡಿದ: "ಅಪ್ಪಾಜಿ, ದಕ್ಷಿಣಕ್ಕೆ ಕನ್ಯಾಕುಮಾರಿವರೆಗೆ ನಿಮಗೆ ಅವಕಾಶವಿದೆ. ಮಧುರೆಯಿಂದಾಚೆಗೆ ನೀವು ಹೋಗಿಯೇ ಇಲ್ಲ. ಅಲ್ಲಿ ಉಳಿದ ದೂರವನ್ನು ಉತ್ತರಕ್ಕೆ ಸೇರಿಸಿಕೊಂಡರೆ ಏನು ತಪ್ಪು?"

ಇದು ಹೊಸ ಯುಕ್ತಿಯಲ್ಲ. ಒಂದು ದಿಕ್ಕಿನಲ್ಲಿ ಕಳೆದು ಇನ್ನೊಂದು ದಿಕ್ಕಿಗೆ ಕೂಡಿಸಿಕೊಳ್ಳುವ ಉಪಾಯವನ್ನು ಹಿಂದಿನವರೂ ಕಂಡಿದ್ದರು. ಅದನ್ನು ಕ್ಷೇತ್ರವೃದ್ಧಿ ಎಂಬ ಹೆಸರಿನಡಿ ಬಹಳ ಹಿಂದೆಯೇ ತಡೆದಿದ್ದಾರೆ. ಕ್ಷೇತ್ರವನ್ನು ಹಿಗ್ಗಿಸುವ ಅಭಿಸಂಧಿಗೆ ಲೋಭದ ಆವೇಶವೇ ಕಾರಣವೆಂದು ಪೂಜ್ಯಪಾದರು ಗುರುತಿಸುತ್ತಾರೆ. ವರ್ತಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದು ಖಾತೆಯ ಉಳಿಕೆಯನ್ನು ಇನ್ನೊಂದಕ್ಕೆ ವರ್ಗಾಯಿಸಿ ವರ್ಷದ ಕೊನೆಯಲ್ಲಿ ಲೆಕ್ಕ ಸರಿಹೊಂದಿಸುವುದು ಪುಸ್ತಕದಲ್ಲಿ ಸಾಧ್ಯ. ದೇವಸ್ಥಾನದ ಟ್ರಸ್ಟಿನಲ್ಲಿ ಅಭಿಷೇಕಕ್ಕೆಂದು ಬಂದ ಹಣವನ್ನು ಕಲ್ಯಾಣ ಮಂಟಪದ ಬಣ್ಣಕ್ಕೆ ಬಳಸಿದರೆ ಏನಾಗುತ್ತದೆಂಬುದು ಟ್ರಸ್ಟಿಗಳಿಗೆ ಗೊತ್ತು. ಕೂಡಿ ಕಳೆದರೆ ಮೊತ್ತ ಅಷ್ಟೇ ಇರುತ್ತದೆ. ಆದರೆ ಕೊಟ್ಟವರು ಒಂದು ಉದ್ದೇಶಕ್ಕೆ ಕೊಟ್ಟಿದ್ದರು.

ಮಗನ ಮೂರನೆಯ ವಾದ ಹೆಚ್ಚು ಗೌರವಕ್ಕೆ ಯೋಗ್ಯವಾದದ್ದು. "ಅದು ಅಹಿಂಸೆಯ ನಾಡು, ಅಪ್ಪಾಜಿ. ಪ್ರಾಣಿ ಕಡಿಯುವುದನ್ನು ಅವರು ಪಾಪ ಅಂತ ತಿಳಿಯುತ್ತಾರೆ. ಹಿಮಶಿಖರ ಹತ್ತುವುದಕ್ಕೂ ಬಿಡುವುದಿಲ್ಲ. ಹಣಕ್ಕಿಂತ ಸಂತೋಷ ದೊಡ್ಡದು ಅಂತ ರಾಜ್ಯ ನಡೆಸುತ್ತಾರೆ. ನಮಗಿಂತ ಹೆಚ್ಚು ಜೈನರು ಅವರೇ!"

ಇದರಲ್ಲಿ ಸತ್ಯವಿದೆ. 2008ರಲ್ಲಿ ಜಾರಿಗೆ ಬಂದ ಭೂತಾನದ ಸಂವಿಧಾನವು ದೇಶದ ನೆಲದಲ್ಲಿ ಕನಿಷ್ಠ ಶೇಕಡ 60 ಭಾಗ ಎಂದೆಂದಿಗೂ ಅರಣ್ಯವಾಗಿಯೇ ಉಳಿಯಬೇಕೆಂದು ವಿಧಿಸುತ್ತದೆ. 6,000 ಮೀಟರಿಗಿಂತ ಎತ್ತರದ ಶಿಖರಗಳ ಆರೋಹಣವನ್ನು 1994ರಲ್ಲಿ ನಿಷೇಧಿಸಿ, 2003ರಲ್ಲಿ ಪರ್ವತಾರೋಹಣವನ್ನೇ ಪೂರ್ಣವಾಗಿ ನಿಲ್ಲಿಸಿದರು. ಆದುದರಿಂದ 7,570 ಮೀಟರ್ ಎತ್ತರದ ಗಂಗ್ಖರ್ ಪುಯೆನ್ಸುಮ್ ಶಿಖರವನ್ನು ಇದುವರೆಗೆ ಯಾರೂ ಹತ್ತಿಲ್ಲ. ಒಂದು ರಾಜ್ಯವೇ ಊರ್ಧ್ವ ದಿಕ್ಕಿಗೆ ಎಲ್ಲೆ ಹಾಕಿಕೊಂಡಂತಾಯಿತು. ದೇವತೆಗಳಿರುವ ಎತ್ತರವನ್ನು ಮನುಷ್ಯ ತುಳಿಯಬಾರದೆಂಬ ಜನರ ಭಾವನೆಯನ್ನು ರಾಜ್ಯ ಮನ್ನಿಸಿದ್ದು ಸಣ್ಣ ಮಾತಲ್ಲ. ಪ್ರವಾಸಿಗರ ವಿಷಯದಲ್ಲಿಯೂ ಅವರು ಮೊದಲಿನಿಂದ ಮಿತಿಯನ್ನು ಬಯಸಿದವರು. 1974ರಲ್ಲಿ ದೇಶದ ಬಾಗಿಲು ತೆರೆದಾಗ ಬಂದವರು 287 ಮಂದಿ. ಬರುವವರು ಕಡಿಮೆ ಇರಲಿ, ಕೊಡುವ ಹಣ ಹೆಚ್ಚಿರಲಿ ಎಂಬುದು ಅವರ ನೀತಿಯಾಯಿತು. ಆದರೂ 2019ರ ಹೊತ್ತಿಗೆ ವರ್ಷಕ್ಕೆ ಬರುವವರ ಸಂಖ್ಯೆ 3,15,000 ದಾಟಿತು. ಅವರಲ್ಲಿ ಅರ್ಧಕ್ಕಿಂತ ಬಹಳ ಹೆಚ್ಚಿನವರು ಭಾರತೀಯರು. ಆ ದೇಶದ ಜನಸಂಖ್ಯೆಯೇ ಎಂಟು ಲಕ್ಷಕ್ಕಿಂತ ಕಡಿಮೆ ಎಂಬುದನ್ನು ನೆನಪಿಡಬೇಕು.

ಆದರೆ ಸತ್ಯದ ಇನ್ನೊಂದು ಮುಖವನ್ನು ಕಾಣದಿರುವುದು ಅನೇಕಾಂತಿಗೆ ತಕ್ಕುದಲ್ಲ. ವರ್ಷದ ಎರಡು ಪವಿತ್ರ ತಿಂಗಳುಗಳಲ್ಲಿ ಅಲ್ಲಿ ಮಾಂಸದ ಮಾರಾಟ ನಿಷಿದ್ಧವಾದರೂ ಉಳಿದ ದಿನಗಳಲ್ಲಿ ಮಾಂಸಾಹಾರ ಸಾಮಾನ್ಯ. ಅದರಲ್ಲಿ ಬಹುಪಾಲು ಭಾರತದಿಂದಲೇ ಹೋಗುತ್ತದೆ. ಕಡಿಯುವ ಕೈ ಬೇರೆಯವರದೆಂಬ ಸಮಾಧಾನವನ್ನು ಜೈನ ಧರ್ಮ ಒಪ್ಪುವುದಿಲ್ಲ. ಕೃತ, ಕಾರಿತ, ಅನುಮೋದಿತ ಮೂರೂ ಒಂದೇ ತಕ್ಕಡಿಯಲ್ಲಿರುತ್ತವೆ. ಸಂತೋಷದ ರಾಜ್ಯದಿಂದ 1990ರ ದಶಕದ ಆರಂಭದಲ್ಲಿ ನೇಪಾಳಿ ಮಾತಾಡುವ ಪ್ರಜೆಗಳು ಗುಂಪುಗುಂಪಾಗಿ ಹೊರಬೀಳಬೇಕಾಯಿತು. ನೇಪಾಳದ ಶಿಬಿರಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ವರ್ಷಗಟ್ಟಲೆ ದಿನ ನೂಕಿದರು. ಇವನ್ನು ಹೇಳುವುದು ಆ ನಾಡನ್ನು ಹಳಿಯುವುದಕ್ಕಲ್ಲ. ದೂರದ ನಾಡನ್ನು ಸ್ವರ್ಗವೆಂದು ಕರೆಯುವವನು ಅಲ್ಲಿನ ಮನುಷ್ಯರನ್ನು ಕಂಡಿರುವುದಿಲ್ಲ, ಅಷ್ಟೆ.

ಈಗ ಭೋಗದ ವಿಷಯಕ್ಕೆ ಬರಬೇಕು. ಮಗ ಆರಿಸಿದ್ದು ಸಾಧಾರಣ ವಸತಿಯನ್ನಲ್ಲ. 2004ರಲ್ಲಿ ಅಮಾನ್ ಸಂಸ್ಥೆ ಪಾರೊದಲ್ಲಿ ತನ್ನ ವಸತಿಗೃಹವನ್ನು ತೆರೆದಂದಿನಿಂದ ಅಂತಹವು ಅಲ್ಲಿ ಹಲವಾಗಿವೆ. ಒಂದು ಕೋಣೆಗೆ ರಾತ್ರಿಯೊಂದಕ್ಕೆ ಲಕ್ಷ ರೂಪಾಯಿ ಮೀರುವ ದರಗಳೂ ಉಂಟು. ಅವುಗಳ ಗೋಡೆ ಸುಣ್ಣದ ಬಿಳುಪು, ಪೀಠೋಪಕರಣ ಕಡಿಮೆ, ಸುತ್ತ ಮೌನ. ಒಟ್ಟಿನಲ್ಲಿ ವಿಹಾರದ ಸರಳತೆಯನ್ನೇ ಬೆಲೆ ಕಟ್ಟಿ ಮಾರಲಾಗುತ್ತದೆ. ಆರ್.ಟಿ. ನಗರದ ಮನೆಯಲ್ಲಿ ಎರಡು ಕುರ್ಚಿ ಕಡಿಮೆ ಮಾಡಿದರೆ ಬಿಟ್ಟಿಯಾಗಿ ಸಿಗುವುದನ್ನು ಅಷ್ಟು ದೂರ ಹೋಗಿ ಕೊಳ್ಳುವುದು ವಿಚಿತ್ರವೇ ಸರಿ. ಪ್ರವಾಸದ ಕಾಗದದಲ್ಲಿ ಕಾದ ಕಲ್ಲಿನ ಸ್ನಾನವೂ ಸೇರಿತ್ತು. ಅದು ಆ ನಾಡಿನ ಹಳೆಯ ಪದ್ಧತಿ. ನದಿಯ ಕಲ್ಲುಗಳನ್ನು ಸೌದೆಯ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಮರದ ತೊಟ್ಟಿಯ ನೀರಿಗೆ ಬಿಟ್ಟು, ಮೇಲೆ ಔಷಧಿ ಸೊಪ್ಪನ್ನು ಹಾಕುತ್ತಾರೆ. ಮೈಕೈ ನೋವಿರುವ ರೈತ ಚಳಿಗಾಲದಲ್ಲಿ ಅದರಲ್ಲಿ ಕೂರುವುದು ಬೇರೆ ಮಾತು. ಸಮಂತಭದ್ರರು ಅನರ್ಥದಂಡದ ಪ್ರಕರಣದಲ್ಲಿ ಪ್ರಮಾದಚರ್ಯೆಯನ್ನು ವಿವರಿಸುವಾಗ ಪ್ರಯೋಜನವಿಲ್ಲದೆ ಮಣ್ಣು, ನೀರು, ಬೆಂಕಿ, ಗಾಳಿಗಳ ಆರಂಭವನ್ನೂ ಸಸ್ಯಗಳ ಛೇದನವನ್ನೂ ಹೇಳಿ, ಅದರ ಜೊತೆಗೇ ತಾನು ಸುಮ್ಮನೆ ಅಲೆಯುವುದನ್ನೂ ಇತರರನ್ನು ಅಲೆಯಿಸುವುದನ್ನೂ ಎಣಿಸಿದ್ದಾರೆ. ಪ್ರವಾಸಿಯ ಒಂದು ಸಂಜೆಯ ಸ್ನಾನದಲ್ಲಿ ಕಲ್ಲು, ನೀರು, ಬೆಂಕಿ, ಸೌದೆ, ಸೊಪ್ಪು ಎಲ್ಲವೂ ಕೂಡಿವೆ. ಅಲೆದಾಟವಂತೂ ಇದ್ದೇ ಇದೆ.

ಮಗನ ಕೊನೆಯ ಸಮರ್ಥನೆ ದಾನದ್ದಾಗಿತ್ತು. ಭೂತಾನ ಸರ್ಕಾರ ಪ್ರವಾಸಿಗರಿಂದ ಸುಸ್ಥಿರ ಅಭಿವೃದ್ಧಿ ಶುಲ್ಕವೆಂಬುದನ್ನು ಪಡೆಯುತ್ತದೆ. 2022ರ ಸೆಪ್ಟೆಂಬರಿನಲ್ಲಿ ಗಡಿ ಮತ್ತೆ ತೆರೆದಾಗ ಇತರ ವಿದೇಶೀಯರಿಗೆ ದಿನಕ್ಕೆ 200 ಡಾಲರಿನಂತೆ ವಿಧಿಸಿ, ಮುಂದಿನ ವರ್ಷ ಅದನ್ನು 100ಕ್ಕೆ ಇಳಿಸಿತು; ಭಾರತೀಯರಿಗೆ ರಾತ್ರಿಗೆ 1,200 ರೂಪಾಯಿ ಎಂದು ಇಟ್ಟಿತು. ಆ ಹಣ ಜನರಿಗೆ ಉಚಿತವಾಗಿ ದೊರೆಯುವ ವೈದ್ಯಕೀಯ ನೆರವಿಗೂ ಶಿಕ್ಷಣಕ್ಕೂ ಅರಣ್ಯಕ್ಕೂ ನೆರವಾಗುತ್ತದೆ. "ಹಾಗಾದರೆ ಇದು ಔಷಧದಾನ, ಶಾಸ್ತ್ರದಾನ ಆದಂತಾಗಲಿಲ್ಲವೆ?" ಎಂದು ಮಗ ಕೇಳಿದ. ನಾಲ್ವರಿಗೆ ಐದು ರಾತ್ರಿಗೆ 24,000 ರೂಪಾಯಿ. ಆತ ಆರಿಸಿದ್ದ ಕೋಣೆಗಳ ಒಂದು ರಾತ್ರಿಯ ಬಾಡಿಗೆ ಅದಕ್ಕಿಂತ ಹೆಚ್ಚು. ಆದರೆ ಮೊತ್ತದ ಪ್ರಶ್ನೆಯನ್ನು ಬದಿಗಿಟ್ಟರೂ ದಾನವೆಂಬುದು ಅನುಗ್ರಹ ಬುದ್ಧಿಯಿಂದ ತನ್ನದನ್ನು ತ್ಯಜಿಸುವುದು. ಬಾಗಿಲು ತೆರೆಯಲೆಂದು ಕೊಟ್ಟದ್ದು ಬೆಲೆ. ಬೆಲೆ ಕೊಡುವುದರಲ್ಲಿ ತಪ್ಪಿಲ್ಲ, ಅದನ್ನು ದಾನದ ಪುಟದಲ್ಲಿ ಬರೆಯುವುದು ತಪ್ಪು. ಹಣದಿಂದ ಕಟ್ಟಿದ ಎಲ್ಲೆಗೂ ವ್ರತದ ಎಲ್ಲೆಗೂ ಇರುವ ಭೇದವೂ ಇಲ್ಲಿಯೇ ಕಾಣುತ್ತದೆ. ಶುಲ್ಕ ಬಡವನನ್ನು ಮಾತ್ರ ತಡೆಯುತ್ತದೆ. ವ್ರತ ತಡೆಯುವುದು ಯಾರನ್ನು ಬೇರಾವುದೂ ತಡೆಯಲಾರದೋ ಅವನನ್ನು.

ಇಷ್ಟೆಲ್ಲ ಆದ ಮೇಲೂ ಮನೆಯಲ್ಲಿ ಆಡದೆ ಉಳಿದ ಮಾತೊಂದಿತ್ತು. ಅದು ಸಮ್ಮೇದ ಶಿಖರ್ಜಿಯದು. ಇಪ್ಪತ್ತು ತೀರ್ಥಂಕರರ ನಿರ್ವಾಣಭೂಮಿಯಾದ ಪಾರಸನಾಥ ಬೆಟ್ಟದ ಸುತ್ತ ಕೇಂದ್ರ ಪರಿಸರ ಸಚಿವಾಲಯ 2019ರ ಆಗಸ್ಟಿನಲ್ಲಿ ಪರಿಸರ ಸೂಕ್ಷ್ಮ ವಲಯವನ್ನು ಘೋಷಿಸಿದಾಗ ಅದರಲ್ಲಿ ಪ್ರವಾಸೋದ್ಯಮಕ್ಕೂ ಎಡೆಯಿತ್ತು. 2022ರ ಕೊನೆಯ ತಿಂಗಳುಗಳಲ್ಲಿ ಜೈನ ಸಮಾಜ ದೇಶದಾದ್ಯಂತ ಬೀದಿಗಿಳಿಯಿತು. ಅದು ತೀರ್ಥ, ವಿಹಾರ ಸ್ಥಳವಲ್ಲ. ಅಲ್ಲಿಗೆ ಬರುವವರು ಭಕ್ತಿಯಿಂದ ಬರಲಿ, ಮೋಜಿಗೆ ಬರಬೇಡಿ ಎಂಬುದು ಕೋರಿಕೆಯಾಗಿತ್ತು. 2023ರ ಜನವರಿ 5ರಂದು ಕೇಂದ್ರವು ಅಲ್ಲಿನ ಪ್ರವಾಸೋದ್ಯಮ ಚಟುವಟಿಕೆಗಳನ್ನು ತಡೆಹಿಡಿಯಿತು. ಮದ್ಯ, ಗದ್ದಲದ ಸಂಗೀತ, ಅನುಮತಿಯಿಲ್ಲದ ಶಿಬಿರ ಹಾಗೂ ಚಾರಣಗಳ ನಿಷೇಧವನ್ನು ಕಟ್ಟುನಿಟ್ಟಾಗಿ ಪಾಲಿಸುವಂತೆ ರಾಜ್ಯಕ್ಕೆ ತಿಳಿಸಿತು. ಆ ಹೋರಾಟದ ದಿನಗಳಲ್ಲಿ ಮಂಡಿ ಮುಚ್ಚಿ ಮೆರವಣಿಗೆಯಲ್ಲಿ ನಡೆದ ಯಜಮಾನರೇ, ಮೂರು ವರ್ಷ ಕಳೆಯುವುದರೊಳಗೆ, ಇನ್ನೊಂದು ಜನಾಂಗದ ತೀರ್ಥವನ್ನು ಐದು ರಾತ್ರಿಯ ವಿಹಾರದ ನಡುವಿನ ಒಂದು ಬೆಳಗಿನ ಕಾರ್ಯಕ್ರಮವೆಂದು ಎಣಿಸಬಹುದೆ? ತಕ್ತ್‌ಸಾಂಗ್ ವಿಹಾರ 1998ರ ಏಪ್ರಿಲ್ 19ರಂದು ಬೆಂಕಿಗೆ ಸಿಕ್ಕಿ ಹಾಳಾಯಿತು. ಅದನ್ನು ಮತ್ತೆ ಕಟ್ಟಿ ಮುಗಿಸಲು 2005ರವರೆಗೆ ಕಾಲ ಹಿಡಿಯಿತು. ಸುಟ್ಟ ತೀರ್ಥವನ್ನು ಅಷ್ಟು ವರ್ಷ ದುಡಿದು ಎಬ್ಬಿಸಿ ನಿಲ್ಲಿಸಿದವರಿಗೆ ಅದು ನೋಟದ ವಸ್ತುವಲ್ಲ.

ಶಿಖರ್ಜಿಯ ಕಥೆ ಅಲ್ಲಿಗೇ ಮುಗಿಯಲೂ ಇಲ್ಲ. ಕೇಂದ್ರದ ಆದೇಶ ಬಂದ ಬೆನ್ನಲ್ಲೇ ಸಂಥಾಲರು ಅದೇ ಬೆಟ್ಟ ತಮ್ಮ ಮರಾಂಗ್ ಬುರು, ತಲೆತಲಾಂತರದಿಂದ ತಮಗೂ ಪವಿತ್ರವೆಂದು ದನಿಯೆತ್ತಿದರು. ಪೂಜೆಯ ಬೆಟ್ಟದ ಮೇಲೆ ನಿಂತಾಗಲೂ ಪಾದದಡಿಯ ನೆಲ ಇನ್ನೊಬ್ಬರ ನಂಬಿಕೆಗೆ ಸೇರಿರಬಹುದೆಂದು ಸಮಾಜ ಆಗ ಕಂಡುಕೊಂಡಿತು. ಕಂಡುಕೊಳ್ಳಬೇಕಾಗಿತ್ತು ಎನ್ನುವುದು ಹೆಚ್ಚು ಸರಿ. ತಾನು ನಿಂತ ನೆಲ ಭರತನದೆಂಬ ಒಂದೇ ಶಲ್ಯ ಬಾಹುಬಲಿಯ ಮನಸ್ಸಿನಲ್ಲಿ ಉಳಿದಿತ್ತೆಂದು ಈ ನಾಡಿನಲ್ಲಿ ಹೇಳುತ್ತ ಬಂದಿರುವ ಕಥೆ ಮಕ್ಕಳಿಗೂ ಗೊತ್ತು. ಅಲ್ಲಿ ಅದು ಅಭಿಮಾನದ ಉಳಿಕೆಯೆಂದು ಎಣಿಸಲ್ಪಟ್ಟಿದೆ. ಪ್ರವಾಸಿಯ ಮನಸ್ಸಿನಲ್ಲಿಯಾದರೋ ಅದರ ಲವಲೇಶ ಇದ್ದರೆ ಒಳ್ಳೆಯದೇ.

ಇಲ್ಲಿಗೆ ಯಜಮಾನರ ವಿಷಯ ತೀರ್ಮಾನವಾಯಿತೆನ್ನಬಹುದು. ಮರೆತಿದ್ದಕ್ಕೂ ಕೋಲ್ಕತ್ತದ ಓಡಾಟಕ್ಕೂ ಪ್ರಾಯಶ್ಚಿತ್ತ ಕೇಳಿಕೊಂಡು ಎಲ್ಲೆಯೊಳಗೆ ಉಳಿಯುವುದು ಅವರ ಧರ್ಮ. ಆದರೆ ನಿಯಮ ತೆಗೆದುಕೊಂಡದ್ದು ಅವರು, ಮನೆಯಾಕೆಯಲ್ಲ. ನಲವತ್ತು ವರ್ಷ ಸೂರ್ಯಾಸ್ತದೊಳಗೆ ಎಲ್ಲರಿಗೂ ಬಡಿಸಿ, ಮುನಿಗಳು ಬಂದಾಗ ಚೌಕವಿಟ್ಟು, ಗಂಡ ವ್ಯಾಪಾರಕ್ಕೆ ಊರೂರು ತಿರುಗಿದಾಗ ಮನೆ ಕಾದವರು ಆಕೆ. ವಿಮಾನ ಹತ್ತಿದವರಲ್ಲ, ಹಿಮ ಕಂಡವರಲ್ಲ. ಕಾಗದಗಳನ್ನು ನೋಡಿದಾಗ ಆಕೆಯ ಮುಖ ಅರಳಿತ್ತು. ಗಂಗೆಯ ಮಾತನ್ನು ನೆನಪಿಸಿದವರೂ ಆಕೆಯೇ. ತನ್ನ ಸಂತೋಷಕ್ಕೆ ಅಡ್ಡಿಯಾಗುವ ಸತ್ಯವನ್ನು ತಾನೇ ಬಾಯಿಬಿಟ್ಟು ಹೇಳುವುದು ಸುಲಭವಲ್ಲ. ಸಮಾಜದಲ್ಲಿ ಇಂತಹ ಪ್ರಸಂಗಗಳಲ್ಲಿ ಗಂಡಸರ ವ್ರತದ ಭಾರ ಹೆಂಗಸರ ಮೇಲೆ ಬೀಳುವುದೇ ಹೆಚ್ಚು. ಆತ ಉಪವಾಸವಿದ್ದರೆ ಆಕೆ ಪಾರಣೆಯ ಅಡುಗೆ ಮಾಡಬೇಕು. ಆತ ಎಲ್ಲಿಗೂ ಹೋಗದಿದ್ದರೆ ಆಕೆಯೂ ಹೋಗಬಾರದು. ಒಬ್ಬರ ವ್ರತ ಇನ್ನೊಬ್ಬರನ್ನು ಕಟ್ಟಿಹಾಕಬಹುದೆಂದು ಯಾವ ಶ್ರಾವಕಾಚಾರವೂ ಹೇಳುವುದಿಲ್ಲ. ವ್ರತ ತಾನಾಗಿ ತೊಡುವಂತಹುದು.

"ನೀನು ಹೋಗಿ ಬಾ," ಎಂದರು ಯಜಮಾನರು.

"ನೀವಿಲ್ಲದೆ ಏನು ನೋಡಲಿ?" ಎಂದು ಆಕೆ ಎರಡು ದಿನ ಒಪ್ಪಲಿಲ್ಲ. ಅನಂತರ ಒಪ್ಪಿದರು, ಆದರೆ ತಮ್ಮದೇ ಷರತ್ತುಗಳನ್ನು ಹಾಕಿದರು. ಕಾಲಮಿತಿಯ ತ್ಯಾಗವನ್ನು ನಿಯಮವೆಂದೂ ಜೀವಿತಾವಧಿಯದನ್ನು ಯಮವೆಂದೂ ಸಮಂತಭದ್ರರು ವಿಂಗಡಿಸಿದ್ದಾರೆ. ಆಕೆ ಆರು ದಿನದ ನಿಯಮ ತೆಗೆದುಕೊಂಡರು. ಸಾಧಾರಣ ವಸತಿ, ಊರಿನವರೇ ನಡೆಸುವಂತಹುದು. ಕಾದ ಕಲ್ಲಿನ ಸ್ನಾನ ಬೇಡ. ಬೆಟ್ಟದ ಸಂಜೆ ಬೇಗ ಕತ್ತಲಾಗುವುದರಿಂದ ಊಟ ಅದಕ್ಕೂ ಮುಂಚೆ. ಆಲೂಗಡ್ಡೆ, ಈರುಳ್ಳಿ ಇಲ್ಲದ ಅನ್ನ ಸಾರು ಸಿಗದಿದ್ದರೆ ಅವಲಕ್ಕಿ, ಚಟ್ನಿಪುಡಿ ಕೈಯಲ್ಲಿಯೇ ಇರುತ್ತದೆ. ತಕ್ತ್‌ಸಾಂಗಿಗೆ ಹೋದರೆ ಕುದುರೆ ಹತ್ತುವುದಿಲ್ಲ, ಕಾಲು ನಡೆದಷ್ಟು ನಡೆಯುವುದು, ಆಗದಿದ್ದರೆ ಅರ್ಧದಿಂದಲೇ ಕೈ ಮುಗಿದು ಹಿಂದಿರುಗುವುದು. ಒಳಗೆ ಹೋಗುವವರು ಕ್ಯಾಮೆರಾ, ಫೋನುಗಳನ್ನು ಬಾಗಿಲಲ್ಲಿಯೇ ಇಟ್ಟು ಹೋಗಬೇಕೆಂಬುದು ಅಲ್ಲಿನ ಕಟ್ಟಳೆ. ಶಿಖರ್ಜಿಯಲ್ಲಿಯೂ ಹೀಗೇ ಇದ್ದಿದ್ದರೆ ಎಂದು ಆಕೆ ಸೊಸೆಯ ಬಳಿ ಹೇಳಿಕೊಂಡರಂತೆ. ಅನ್ಯ ದೇವಾಲಯಕ್ಕೆ ಹೋಗುವುದು ಮಿಥ್ಯಾತ್ವವಾಗದೆ ಎಂದು ನೆರೆಯವರು ಕೇಳಿದ್ದೂ ಉಂಟು. ಆರಾಧಿಸುವುದು ಬೇರೆ, ಇನ್ನೊಬ್ಬರ ಆರಾಧನೆಯ ಮುಂದೆ ತಲೆ ತಗ್ಗಿಸಿ ನಿಲ್ಲುವುದು ಬೇರೆ ಎಂಬುದಕ್ಕಿಂತ ಹೆಚ್ಚಿನ ಉತ್ತರ ಆ ಪ್ರಶ್ನೆಗೆ ಬೇಕಿಲ್ಲ.

ಮನೆಯಲ್ಲಿ ಉಳಿದವರ ತ್ಯಾಗ ದೊಡ್ಡದೋ, ಮಿತಿಯೊಡನೆ ಹೋದವರದು ದೊಡ್ಡದೋ ಎಂದು ತೂಗಿ ನೋಡುವ ಅಭ್ಯಾಸ ವರ್ತಕ ಸಮಾಜಕ್ಕಿದೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಲಾಗದು. ಅವರಿಗೆ ಒಂದು ಹಳೆಯ ಮಾತನ್ನು ಉಳಿಸಿಕೊಳ್ಳುವುದಿತ್ತು, ಆಕೆಗೆ ಹೊಸದೊಂದನ್ನು ಕೊಡುವುದಿತ್ತು.

ಯಜಮಾನರ ಹೆಸರಿನ ಟಿಕೆಟ್ಟನ್ನು ರದ್ದುಪಡಿಸಿದಾಗ ಒಂದಷ್ಟು ಹಣ ಹಿಂದಿರುಗಲಿಲ್ಲ. ತಿಂಗಳ ಕೊನೆಯಲ್ಲಿ ಮಂಡಿಯ ಗುಮಾಸ್ತರು ಆ ಮೊತ್ತವನ್ನು ಯಾವ ತಲೆಬರಹದಡಿ ಬರೆಯಬೇಕೆಂದು ತಿಳಿಯದೆ ಪುಸ್ತಕ ಹಿಡಿದು ಬಂದರು. "ಧರ್ಮದ ಕಾರಣಕ್ಕೆ ಹೋದ ಹಣ ಅಲ್ಲವೆ ಯಜಮಾನರೆ, ದಾನ ಅಂತ ಬರೆಯಲೆ?"

"ಬೇಡಪ್ಪ," ಎಂದರು ಅವರು. "ಮನೆ ಖರ್ಚು ಅಂತ ಬರಿ."